ಬಳ್ಳಾರಿ ಬಿಸಿಲಿಗೆ ಆರ್‌ಎಕ್ಸ್-7: ಏನು ಹಾಕಿದೆ, ಏನು ಕಿತ್ತೆ

ನನ್ನ ಮಾಜ್ದಾ ಆರ್‌ಎಕ್ಸ್-7 ಕಾರು ಮೊದಲ ಸಲ ಕುದಿದದ್ದು ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ. ಏಪ್ರಿಲ್ ಮಧ್ಯಾಹ್ನ. ಗೂಡ್ಸ್ ಗಾಡಿಗೆ ಗೇಟು ಹಾಕಿದ್ದರು, ವ್ಯಾಗನ್‌ಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಬಾನೆಟ್ ಸಂದಿಯಿಂದ ಕೂಲೆಂಟಿನ ಸಿಹಿ ವಾಸನೆ ಬಂತು, ಹಿಂದೆಯೇ ಹಬೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಾತ್ರ ನಡುವಿನಲ್ಲಿ ಆರಾಮಾಗಿ ನಿಂತಿತ್ತು.

ಎಫ್‌ಡಿ ಮಾಡೆಲ್ (ಮೂರನೇ ತಲೆಮಾರಿನ) ಆರ್‌ಎಕ್ಸ್-7 ಇಟ್ಟುಕೊಂಡವರಿಗೆ ಇದು ಹಳೇ ವಿಷಯ. ಈ ಮುಳ್ಳು ಬಹಳ ಹೊತ್ತು ಮಧ್ಯದಲ್ಲೇ ಇರುತ್ತೆ. ಅದು ಮೇಲೇಳುವಷ್ಟರಲ್ಲಿ ತಡವಾಗಿರುತ್ತೆ. ಹಾಗಾಗಿ ನನ್ನ ಮೊದಲ ಖರ್ಚು ಡಿಗ್ರಿ ಲೆಕ್ಕ ತೋರಿಸುವ ಡಿಜಿಟಲ್ ಗೇಜ್. ಕೆಳಗಿನ ಡಿಗ್ರಿಗಳೆಲ್ಲ ಅದರಲ್ಲಿ ನೋಡಿದ್ದು.

ನನ್ನದು 1993ರ ಗಾಡಿ. 13ಬಿ ಎಂಜಿನ್, 1308 ಸಿಸಿ, ಎರಡು ರೋಟರ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಎರಡು ಟರ್ಬೊ. ಇದು ಬಳ್ಳಾರಿಗೆ ಹೇಗೆ ಬಂತು ಅನ್ನೋದು ಬೇರೆ ಕಥೆ, ಬಿಡಿ. ಇದರಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ರೋಟರ್ ತಿರುಗುತ್ತೆ, ಒಂದೊಂದು ಮೂಲೆಗೆ ಅಪೆಕ್ಸ್ ಸೀಲ್ ಅನ್ನುವ ತೆಳು ಪಟ್ಟಿ. ಎಂಜಿನ್ ನಾಕ್ ಆದರೆ, ಅಂದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ಸಿಡಿದರೆ, ಆ ಪಟ್ಟಿ ಮುರಿಯುತ್ತೆ. ನೀರು ಜಾಸ್ತಿ ಕಾದರೆ ಅಲ್ಯೂಮಿನಿಯಂ ಹೌಸಿಂಗಿಗೂ ಕಬ್ಬಿಣದ ಪ್ಲೇಟಿಗೂ ನಡುವೆ ಇರುವ ರಬ್ಬರ್ ಸೀಲ್ ಹೋಗುತ್ತೆ. ಎರಡರಲ್ಲಿ ಯಾವುದಾದರೂ ಎಂಜಿನ್ ಬಿಚ್ಚಲೇಬೇಕು. 42 ಡಿಗ್ರಿ ಬಿಸಿಲಿನ ಊರಲ್ಲಿ ಇಂಥ ಕಾರು ಸಾಕೋದು ಅಂದರೆ, ದುಡ್ಡೆಲ್ಲ ತಂಪು ಮಾಡುವುದಕ್ಕೇ ಹೋಗಬೇಕು. ಇದು ಅರ್ಥ ಆಗೋಕೆ ನನಗೆ ಎರಡು ಬೇಸಿಗೆ ಹಿಡಿಯಿತು. ಯಾಕಂದರೆ ಮೊದಲು ನಾನೂ ಎಲ್ಲರ ಹಾಗೆ ಫ್ರಂಟ್ ಮೌಂಟ್ ಇಂಟರ್‌ಕೂಲರಿಗೇ (ಕಾರಿನ ಮೂತಿಯಲ್ಲಿ ಕೂತು ಟರ್ಬೊ ಗಾಳಿ ತಣಿಸೋದು) ದುಡ್ಡು ಸುರಿದೆ.

ನೋಡೋಕೆ ಚೆಂದ, ಸುಳ್ಳು ಹೇಳಲ್ಲ. ಬಂಪರಿನ ಬಾಯಲ್ಲಿ ಬೆಳ್ಳಿ ಬಣ್ಣದ ದೊಡ್ಡ ಕೋರ್. ಬೆಳಗಿನ ಜಾವ ಹೊಸಪೇಟೆ ರಸ್ತೆಯಲ್ಲಿ ಎಳೆತವೂ ಚೆನ್ನಾಗಿತ್ತು. ಆದರೆ ರೇಡಿಯೇಟರಿಗೆ ಹೋಗಬೇಕಾದ ಗಾಳಿಗೆ ಅದೇ ಅಡ್ಡ. ಮೊದಲು 95–96 ಇರುತ್ತಿದ್ದ ನೀರು, ಮಧ್ಯಾಹ್ನ ಕುಡಿತಿನಿ ಹತ್ತಿರ ಅದಿರು ಲಾರಿಗಳ ಹಿಂದೆ ತೆವಳುವಾಗ 104 ಮುಟ್ಟಿತು. ಟರ್ಬೊ ಗಾಳಿ ತಣ್ಣಗಾಯಿತು, ಎಂಜಿನ್ ಬಿಸಿಯಾಯಿತು. ಏನು ಲಾಭ?

ನಾಲ್ಕು ತಿಂಗಳಿಗೆ ಅದನ್ನು ಕಿತ್ತು ಮಾರಿದೆ. ಕಂಪನಿ ಇಟ್ಟ ಜಾಗದಲ್ಲೇ ಸ್ವಲ್ಪ ದಪ್ಪ ಕೋರ್ ಕೂರಿಸಿದೆ. ಮೂತಿಯಿಂದ ಅದಕ್ಕೆ ಗಾಳಿ ತರುವ ಡಕ್ಟ್ ಅಂಚಿಗೆಲ್ಲ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ಹಚ್ಚಿ, ಗಾಳಿ ಸೋರದ ಹಾಗೆ ಮಾಡಿದೆ. ಎಳೆತದಲ್ಲಿ ಸೀಟಿಗೆ ಗೊತ್ತಾಗುವಷ್ಟು ವ್ಯತ್ಯಾಸ ಇಲ್ಲ. ನೀರು ಮತ್ತೆ 96ಕ್ಕೆ ಇಳಿಯಿತು.

ರೇಡಿಯೇಟರ್ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. ಹಳೆಯದಕ್ಕೆ ಪ್ಲಾಸ್ಟಿಕ್ ತುದಿ, ಜೊತೆಗೆ ಗಾಳಿ ಬೇರ್ಪಡಿಸುವ ಒಂದು ಪುಟ್ಟ ಪ್ಲಾಸ್ಟಿಕ್ ಟ್ಯಾಂಕ್. ನನ್ನ ಗಾಡಿ ಗೇಟಿನಲ್ಲಿ ಉಗುಳಿದ್ದು ಈ ಟ್ಯಾಂಕಿನ ಬೆಸುಗೆಯಿಂದಲೇ. ಮೂವತ್ತು ವರ್ಷ ಬೆಂದ ಪ್ಲಾಸ್ಟಿಕ್ ಅದು, ಕಂಪನಿಯನ್ನು ಯಾಕೆ ಬೈಯೋದು? ಮೊದಲು ಎಂ-ಸೀಲ್ ಮೆತ್ತಿ ನೋಡಿದೆ, ಹನ್ನೊಂದು ದಿನ ಬಂತು. ಆಮೇಲೆ ಕೌಲ್ ಬಜಾರಿನಲ್ಲಿ ಲಾರಿ ರೇಡಿಯೇಟರ್ ಕೆಲಸ ಮಾಡುವ ಹುಡುಗನೊಬ್ಬ ಅಲ್ಯೂಮಿನಿಯಂ ಶೀಟ್ ಕತ್ತರಿಸಿ ಅದೇ ಅಳತೆಗೆ ಬೆಸೆದು ಕೊಟ್ಟ. ಚೂರು ಸೊಟ್ಟಗಿದೆ, ಸೋರುವುದಿಲ್ಲ. ರೇಡಿಯೇಟರ್ ಕೂಡ ಪೂರ್ತಿ ಅಲ್ಯೂಮಿನಿಯಂದೇ ತರಿಸಿದೆ.

ಇನ್ನು ನಮ್ಮೂರ ಬೋರ್ ನೀರನ್ನು ಒಂದು ಲೋಟವೂ ಹಾಕಬೇಡಿ. ಬಕೆಟ್ಟಿಗೆ ಬಿಳಿ ಪದರ ಕಟ್ಟುವ ನೀರು ರೇಡಿಯೇಟರನ್ನು ಬಿಡುತ್ತಾ? ಬ್ಯಾಟರಿ ನೀರಿಗೆ ಅರ್ಧಕ್ಕರ್ಧ ಕೂಲೆಂಟ್ ಬೆರೆಸಿ.

ಕಡಿಮೆ ದುಡ್ಡಿಗೆ ಜಾಸ್ತಿ ಫಲ ಕೊಟ್ಟದ್ದು ಫ್ಯಾನ್ ಸ್ವಿಚ್. ಇದರ ಫ್ಯಾನ್ ಶುರುವಾಗುವುದೇ 105ರ ಆಸುಪಾಸಿನಲ್ಲಿ. ಮೊದಲು ಡ್ಯಾಶ್‌ಬೋರ್ಡಿಗೆ ಕೈಯಿಂದ ಒತ್ತುವ ಸ್ವಿಚ್ ಹಾಕಿಸಿದೆ. ಒಂದಿನ ಫೋನಿನಲ್ಲಿ ಮಾತಾಡುತ್ತಾ ಎಸ್‌ಪಿ ಸರ್ಕಲ್‌ನಲ್ಲಿ ನಿಂತಿದ್ದೆ, ಒತ್ತೋದು ಮರೆತೆ, 109. ಮರೆಯುವ ಮನುಷ್ಯನಿಗೆ ಕೈ ಸ್ವಿಚ್ ಆಗಿಬರಲ್ಲ. ಇದರ ಹಿಂದಿನ ಎಫ್‌ಸಿ ಮಾಡೆಲ್ ಆರ್‌ಎಕ್ಸ್-7ರ ಥರ್ಮೋ ಸ್ವಿಚ್ 95ಕ್ಕೇ ಫ್ಯಾನ್ ಹಾಕುತ್ತೆ, ಇದಕ್ಕೂ ಕೂರುತ್ತೆ. ಅದನ್ನು ಹಾಕಿದ ಮೇಲೆ ಗೇಟಿನಲ್ಲಿ ಎಷ್ಟು ಹೊತ್ತು ನಿಂತರೂ 99 ದಾಟಿಲ್ಲ. ಸ್ವಿಚ್ ಸಿಗುವವರೆಗೆ ಎಸಿ ಆನ್ ಮಾಡಿ, ಫ್ಯಾನ್ ಅದರ ಜೊತೆ ತಾನೇ ತಿರುಗುತ್ತೆ.

ಟರ್ಬೊದ ಮಾತು. ಕಡಿಮೆ ಆರ್‌ಪಿಎಂನಲ್ಲಿ ಒಂದೇ ಟರ್ಬೊ, ಸುಮಾರು 4,500ಕ್ಕೆ ಎರಡನೆಯದು ಸೇರಿಕೊಳ್ಳುತ್ತೆ. ಇದನ್ನು ನಡೆಸೋದು ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಕೆಳಗೆ ಹಕ್ಕಿಗೂಡಿನ ಹಾಗೆ ಹೆಣೆದಿರುವ ವ್ಯಾಕ್ಯೂಮ್ ಪೈಪುಗಳು. ನನ್ನವು ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಕರುಂ ಅಂದವು. ಎರಡು ದಾರಿ ಇತ್ತು: ಎಲ್ಲ ಕಿತ್ತೆಸೆದು ಎರಡೂ ಟರ್ಬೊ ಒಟ್ಟಿಗೆ ಓಡುವ ಹಾಗೆ ಮಾಡೋದು, ಇಲ್ಲವೇ ಪೈಪನ್ನೆಲ್ಲ ಸಿಲಿಕೋನ್‌ಗೆ ಬದಲಿಸೋದು. ಮೊದಲನೆಯದನ್ನು ಮೂರು ತಿಂಗಳು ಓಡಿಸಿದೆ. ಒಂದೇ ಒಂದು ತೊಂದರೆ ಕೊಡಲಿಲ್ಲ. ಆದರೆ 3,500ರ ತನಕ ಎತ್ತಿನ ಗಾಡಿ. ಊರೊಳಗೆ ಆಟೋಗಳು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ಆಮೇಲೆ ಸೋತು ಸಿಲಿಕೋನ್‌ಗೆ ಬಂದೆ. ಒಂದೊಂದು ಪೈಪಿಗೂ ಟೇಪ್ ಸುತ್ತಿ ನಂಬರ್ ಬರೆದು ಬದಲಿಸೋಕೆ ಎರಡು ಭಾನುವಾರ ಹಿಡಿಯಿತು. ಕಾರು ಕೆಡದಿದ್ದರೆ ಸಾಕು ಅನ್ನುವವರಿಗೆ ಮೊದಲನೆಯದೇ ಸರಿ. ನನಗೆ ಓಡಿಸುವ ಖುಷಿಯೂ ಬೇಕಿತ್ತು.

ಡಬ್ಬಿ ಇಲ್ಲದೆ ಬಾನೆಟ್ ಒಳಗೆ ಬಯಲಾಗಿ ಕೂರುವ ಕೋನ್ ಏರ್ ಫಿಲ್ಟರ್ ಬೇಡವೇ ಬೇಡ. ಸಂಡೂರಿಗೆ ಒಂದು ಸಲ ಹೋಗಿ ಬಂದೆ, ಫಿಲ್ಟರ್ ಕುಂಕುಮದ ಬಟ್ಟಲಾಗಿತ್ತು. ಬಿಳಿ ಬಟ್ಟೆಯಲ್ಲಿ ಅದರ ಹಿಂದಿನ ಪೈಪ್ ಒರೆಸಿದರೆ ಅಲ್ಲೂ ಕೆಂಪು. ಮೇಲಾಗಿ ಅದು ಎಳೆಯೋದು ಬಾನೆಟ್ ಒಳಗಿನ ಬಿಸಿ ಗಾಳಿ. ಮೂಲ ಡಬ್ಬಿಗೆ ಪೇಪರ್ ಫಿಲ್ಟರ್ ಹಾಕಿ, ಬೇಗ ಬೇಗ ಬದಲಿಸುತ್ತೇನೆ.

ಸೀಲ್ ಸವೆಯದಿರಲಿ ಅಂತ ಈ ಎಂಜಿನ್ ತಾನೇ ಸ್ವಲ್ಪ ಆಯಿಲ್ ಒಳಗೆ ಬಿಟ್ಟುಕೊಳ್ಳುತ್ತೆ. ಅದನ್ನೇ ನಂಬಬೇಕಾ, ಪೆಟ್ರೋಲಿಗೂ ಟೂ-ಟಿ ಆಯಿಲ್ ಬೆರೆಸಬೇಕಾ? ನಾನು ಲೀಟರಿಗೆ 5 ಎಂಎಲ್ ಬೆರೆಸುತ್ತೇನೆ. ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ, ಪ್ಲಗ್ ಚೂರು ಕಪ್ಪಾಗುತ್ತೆ ಅಷ್ಟೆ. ಬಂಕಿನ ಹುಡುಗ "ಅಣ್ಣಾ, ಇದು ಕಾರು, ಆರ್‌ಎಕ್ಸ್ 100 ಅಲ್ಲ" ಅಂತ ಕೈ ಹಿಡಿದಿದ್ದ. ಪೆಟ್ರೋಲು 95 ಆಕ್ಟೇನ್‌ದೇ. ಜಪಾನಿನಲ್ಲಿ ಇದು ಇನ್ನೂ ಮೇಲಿನ ಆಕ್ಟೇನ್ ಕುಡಿದು ಬೆಳೆದ ಎಂಜಿನ್, ಹಾಗಾಗಿ ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಏರಿಸುವ ಆಸೆ ಬಿಟ್ಟಿದ್ದೇನೆ. ಪ್ಲಗ್ ನಾಲ್ಕೂ 9ನೇ ನಂಬರಿನ ತಣ್ಣನೆಯವು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವವು.

ಬೆಂಗಳೂರಿನ ಗೆಳೆಯನಿಂದ ರೋಟರಿ ಕಂಪ್ರೆಶನ್ ಟೆಸ್ಟರ್ (ಎಂಜಿನ್ ಒಳಗೆ ಗಾಳಿ ಎಷ್ಟು ಒತ್ತುತ್ತೆ ಅಂತ ತೋರಿಸೋದು, ಸೀಲ್ ಸವೆದರೆ ಅಂಕಿ ಇಳಿಯುತ್ತೆ) ತಂದು ಎರಡು ಸಲ ಅಳೆದೆ. ಒಂದು ರೋಟರಿನ ಮೂರು ಮುಖಕ್ಕೆ ಮೂರು ಅಂಕಿ, ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅನ್ನುವ ಲೆಕ್ಕ. ಮೊದಲ ಬೇಸಿಗೆಗೆ ಮುಂಚೆ ಮುಂದಿನ ರೋಟರ್ 7.4, 7.3, 7.4, ಹಿಂದಿನದು 7.1, 7.2, 7.0. ಎರಡನೇ ಬೇಸಿಗೆ ಕಳೆದ ಮೇಲೆ ಮುಂದಿನದು 7.3, 7.2, 7.3, ಹಿಂದಿನದು 7.0, 7.0, 6.9. ಕಂಪನಿ ಹೇಳುವ ಕನಿಷ್ಠ 6.0.