ಒಂಬತ್ತು ಫ್ಯಾನಿನಿಂದ ಸೊನ್ನೆಗೆ: ಎಂ1 ಮ್ಯಾಕ್‌ಬುಕ್ ಏರ್, ನಾಲ್ಕು ಮಳೆಗಾಲದ ನಂತರ

ಆಲ್ದೂರಿನ ಹತ್ತಿರ ತೋಟದ ಮನೆಯೊಂದರಲ್ಲಿ ಜೂನ್ ತಿಂಗಳ ಮದುವೆ. ಧಾರೆ ಮುಗಿಯುವಷ್ಟರಲ್ಲಿ ಮರ ಬಿದ್ದು ಕರೆಂಟ್ ಹೋಯಿತು. ಸಂಜೆ ಆರತಕ್ಷತೆಗೆ ಐದು ನಿಮಿಷದ ವಿಡಿಯೊ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಉಗ್ರಾಣದಲ್ಲಿ ಕಾಫಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ಗಂಟೆ ಎಡಿಟಿಂಗ್ ಮಾಡಿದೆ. ಚಾರ್ಜ್ ಅರ್ಧಕ್ಕೂ ಇಳಿಯಲಿಲ್ಲ. ಹುಡುಗಿಯ ತಂದೆ ಬಂದು ಬಗ್ಗಿ ನೋಡಿ, "ಇದು ಆನ್ ಆಗಿದ್ಯೇನ್ರೀ? ಸದ್ದೇ ಇಲ್ವಲ್ಲ" ಅಂದರು.

"ಇದಕ್ಕೆ ಫ್ಯಾನೇ ಇಲ್ಲ ಗೌಡ್ರೇ."

ಸಂಜೆ ಜನರೇಟರ್ ಹಾಕಿಸಿ ಎಲ್ಲರೂ ವಿಡಿಯೊ ನೋಡಿದರು.

ಚಿಕ್ಕಮಗಳೂರಿನಲ್ಲಿ ನನ್ನದು ಮದುವೆ ಫೋಟೊ, ವಿಡಿಯೊ ಕೆಲಸ. ಈ ಯಂತ್ರ, ಅಂದರೆ ಆಪಲ್ ಕಂಪನಿಯ ಎಂ1 ಚಿಪ್ ಇರುವ ಮ್ಯಾಕ್‌ಬುಕ್ ಏರ್, ಕೊಂಡದ್ದು 2021ರಲ್ಲಿ. ಅದಕ್ಕೂ ಮುಂಚೆ ಇದ್ದ ಬೇರೆ ಲ್ಯಾಪ್‌ಟಾಪ್ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡಿ ತೆಗೆಯೋಕೆ) ಕೂತರೆ ಕೋಣೆಯಲ್ಲಿ ಮಾತಾಡೋಕಾಗದಷ್ಟು ಫ್ಯಾನ್ ಗದ್ದಲ. ಕರೆಂಟ್ ಹೋದ ಮುಕ್ಕಾಲು ಗಂಟೆಗೆ ಅದೂ ಹೋಗುತ್ತಿತ್ತು. ಮಲೆನಾಡಿನ ಜುಲೈನಲ್ಲಿ ಅಂಥದ್ದನ್ನು ನಂಬಿ ಹೊಟ್ಟೆ ಹೊರೆಯುವುದು ಹೇಗೆ?

ಇದೇ ಆಪಲ್ 2003ರಲ್ಲಿ ಪವರ್ ಮ್ಯಾಕ್ ಜಿ5 ಎಂಬ ಡೆಸ್ಕ್‌ಟಾಪ್ ತಂದಾಗ ಅದರೊಳಗೆ ಒಂಬತ್ತು ಫ್ಯಾನ್‌ಗಳಿದ್ದವು. ಚಿಪ್ ಐಬಿಎಂನದು. ವರ್ಷದೊಳಗೆ 3 ಗಿಗಾಹರ್ಟ್ಸ್ ವೇಗ ಮುಟ್ಟುತ್ತೇವೆ ಎಂದು ಆಪಲ್‌ನ ಯಜಮಾನ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಹೇಳಿದ್ದರು, ಮುಟ್ಟಲಿಲ್ಲ. ಮರುವರ್ಷ ಅತಿ ವೇಗದ ಮಾದರಿಗೆ ದ್ರವ ಹರಿಸಿ ತಣ್ಣಗಿಡಬೇಕಾಯಿತು. ಆ ಚಿಪ್ ಲ್ಯಾಪ್‌ಟಾಪ್‌ನೊಳಗೆ ಹೋಗಲೇ ಇಲ್ಲ.

2005ರ ಜೂನ್‌ನಲ್ಲಿ ಜಾಬ್ಸ್ ಇಂಟೆಲ್ ಕಂಪನಿಯ ಚಿಪ್‌ಗೆ ಹೋಗುತ್ತೇವೆಂದರು. ಕೊಟ್ಟ ಕಾರಣ, ಒಂದು ವ್ಯಾಟ್ ವಿದ್ಯುತ್ತಿಗೆ ಎಷ್ಟು ಕೆಲಸ ಸಿಗುತ್ತದೆ ಅನ್ನುವ ಲೆಕ್ಕ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅಂದು ಅವರು ಬಿಚ್ಚಿಟ್ಟ ಗುಟ್ಟು: ಮ್ಯಾಕ್ ನಡೆಸುವ ಮೂಲ ತಂತ್ರಾಂಶ ಮ್ಯಾಕ್ ಒಎಸ್ ಟೆನ್‌ನ ಪ್ರತಿ ಆವೃತ್ತಿಯನ್ನೂ ಐದು ವರ್ಷದಿಂದ ಒಳಗೊಳಗೇ ಇಂಟೆಲ್ ಮೇಲೂ ಓಡಿಸಿ ಇಟ್ಟಿದ್ದರು. ಬೇಕಾಗುತ್ತದೋ ಇಲ್ಲವೋ ಗೊತ್ತಿಲ್ಲದ ಕೆಲಸಕ್ಕೆ ಐದು ವರ್ಷ ಜನರನ್ನು ಕೂರಿಸಿ ಸಂಬಳ ಕೊಡುವ ಎದೆಗಾರಿಕೆ ಎಲ್ಲ ಯಜಮಾನರಿಗೂ ಇರುವುದಿಲ್ಲ. ಜಾಬ್ಸ್ 1985ರಲ್ಲಿ ಹೊರಹೋದ ಮೇಲೆ ಸ್ಕಲ್ಲಿ, ಸ್ಪಿಂಡ್ಲರ್, ಅಮೆಲಿಯೊ ಕಂಪನಿ ನಡೆಸಿದರು. 1995ರಲ್ಲಿ ಬೇರೆಯವರಿಗೂ ಮ್ಯಾಕ್ ಮಾಡಲು ಪರವಾನಗಿ ಕೊಟ್ಟು ತಮ್ಮ ಗಿರಾಕಿಯನ್ನೇ ಬಿಟ್ಟುಕೊಟ್ಟರು. 1997ರಲ್ಲಿ ಮರಳಿದ ಜಾಬ್ಸ್ ಅದನ್ನು ನಿಲ್ಲಿಸಿದರು. ಬರುವಾಗ ತಮ್ಮ ನೆಕ್ಸ್ಟ್ ಕಂಪನಿಯ ತಂತ್ರಾಂಶವನ್ನೂ ತಂದರು. ಚಿಪ್ ಬದಲಾದರೂ ಓಡಬಲ್ಲ ಆ ತಂತ್ರಾಂಶವೇ ಇವತ್ತಿನ ಮ್ಯಾಕ್‌ನ ತಾಯಿಬೇರು.

2008ರಲ್ಲಿ ಪಿ.ಎ. ಸೆಮಿ ಎಂಬ ಸಣ್ಣ ಚಿಪ್ ಕಂಪನಿ ಕೊಂಡರು. 2010ರಲ್ಲಿ ಐಪ್ಯಾಡ್‌ಗೆ ಆಪಲ್‌ನದೇ ಎ4 ಚಿಪ್ ಬಂತು. ಮ್ಯಾಕ್‌ಗೆ ಸ್ವಂತ ಚಿಪ್, ಅದೇ ಈ ಎಂ1, ಬರಲು 2020ರ ನವೆಂಬರ್ ಆಗಬೇಕಾಯಿತು, ಅಷ್ಟರಲ್ಲಿ ಯಜಮಾನಿಕೆ ಟಿಮ್ ಕುಕ್ ಕೈಗೆ ಬಂದು ಒಂಬತ್ತು ವರ್ಷವಾಗಿತ್ತು. ಕಾಫಿ ಗಿಡ ನೆಟ್ಟು ಮೊದಲ ಫಸಲಿಗೆ ಮೂರ್ನಾಲ್ಕು ವರ್ಷ ಕಾಯುವ ನಮ್ಮೂರಿನವರಿಗೂ ಹನ್ನೆರಡು ವರ್ಷ ದೊಡ್ಡ ಕಾಯುವಿಕೆಯೇ. ಮೂಟೆಯ ಮೇಲೆ ಸದ್ದಿಲ್ಲದೆ ನಡೆದದ್ದು ಆ ಫಸಲು.

ಕೊರತೆ ಇದೆ. ರ‍್ಯಾಮ್ ಆಮೇಲೆ ಹೆಚ್ಚಿಸಲಾಗದು. ನನ್ನದು 8 ಜಿಬಿ, ಕೊಳ್ಳುವವರು 16 ಇರುವುದನ್ನೇ ಹುಡುಕಿ. ಪೋರ್ಟ್ ಎರಡೇ, ಕ್ಯಾಮೆರಾ ಕಾರ್ಡಿಗೆ ಬೇರೆ ರೀಡರ್ ಬೇಕು. ಫ್ಯಾನ್ ಇಲ್ಲದ್ದರಿಂದ ಉದ್ದನೆಯ ರೆಂಡರ್‌ನಲ್ಲಿ ವೇಗ ತುಸು ತಗ್ಗುತ್ತದೆ.

ಮೊನ್ನೆ ನನ್ನ ಜೊತೆ ಕೆಲಸ ಮಾಡುವ ಹುಡುಗ ಕೇಳಿದ: "ಅಣ್ಣಾ, ಇಂಟೆಲ್ ಮ್ಯಾಕ್ ಒಂದು ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ?" ಬೇಡ ಅಂದೆ. ಮ್ಯಾಕ್ ಒಎಸ್‌ನ 2025ರ ಟಾಹೊ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಕಂಪನಿ ಹೇಳಿಯಾಗಿದೆ. ಇನ್ನೊಂದು ಮದುವೆ ಸೀಸನ್ ದುಡ್ಡು ಕೂಡಿಸಿ ಹಳೇ ಎಂ1 ಆದರೂ ಸರಿ, ಅದನ್ನೇ ತಗೋ ಅಂದಿದ್ದೇನೆ.