ಗಲ್ಲಾದಲ್ಲಿ ಕೂತು ಮೂರೂವರೆ ವರ್ಷ: ನಮ್ಮ ಹೋಟೆಲಿನ ಕ್ಲೌಡ್ ಬಿಲ್ಲಿಂಗ್

ತುಮಕೂರಿನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲ್ ಇದೆ. ಮಾವನವರು ಶುರು ಮಾಡಿದ್ದು. 48 ಜನ ಕೂರುವ ಹಾಲ್, ಮುಂದೆ ನಿಂತು ತಿನ್ನುವವರಿಗೆ ಸೆಲ್ಫ್ ಸರ್ವಿಸ್, ಪಕ್ಕದಲ್ಲಿ ಪಾರ್ಸಲ್ ಕೌಂಟರ್. ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ಗಲ್ಲಾದಲ್ಲಿ ಕೂರುವವಳು ನಾನು. 2022ರ ಯುಗಾದಿಗೆ ಹಳೆಯ ಕಂಪ್ಯೂಟರ್ ತೆಗೆದು ಕ್ಲೌಡ್ ಪಿಒಎಸ್ ಹಾಕಿಸಿದೆವು, ಅಂದರೆ ಲೆಕ್ಕವನ್ನು ಇಂಟರ್ನೆಟ್ ಮೂಲಕ ಹೊರಗಿನ ಸರ್ವರಿನಲ್ಲಿ ಇಡುವ ಬಿಲ್ಲಿಂಗ್ ವ್ಯವಸ್ಥೆ. ಅಂದಿನಿಂದ ದಿನಾ ಅದರ ಮುಂದೆಯೇ ಕೂತಿದ್ದೇನೆ. ಹೊಸದಾಗಿ ಹಾಕಿಸುವವರು ಆಗಾಗ ಕೇಳುತ್ತಿರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಳೆಯದನ್ನು ಬಿಟ್ಟಿದ್ದಕ್ಕೆ ಕಾರಣ ಒಂದೇ. ಆ ವರ್ಷ ಫೆಬ್ರವರಿಯಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಹನ್ನೊಂದು ತಿಂಗಳ ಬಿಲ್ಲುಗಳು ಅದರಲ್ಲೇ ಇದ್ದವು. ಆಡಿಟರ್ ಹತ್ತಿರ ತಿಂಗಳ ಮೊತ್ತ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಆ ರಾತ್ರಿ ಮಾವ ಊಟ ಮಾಡಲಿಲ್ಲ. ಲೆಕ್ಕ ಇನ್ನು ಮುಂದೆ ಒಂದೇ ಪೆಟ್ಟಿಗೆಯೊಳಗೆ ಇರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆವು.

ಕಂಪನಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಅದೇ ಸಾಫ್ಟ್‌ವೇರ್ ಒಬ್ಬರ ಹೋಟೆಲಿನಲ್ಲಿ ಚೆನ್ನಾಗಿ ಓಡುತ್ತದೆ, ಇನ್ನೊಬ್ಬರಲ್ಲಿ ದಿನಾ ತಕರಾರು. ಹಾಕಿಕೊಡುವ ಡೀಲರ್, ಒಳಗಿನ ವೈರಿಂಗ್, ಪ್ರಿಂಟರ್ ಎಲ್ಲವೂ ಸೇರಿಯೇ ಅದು ಓಡಬೇಕು. ನಾನು ಹೇಳುವ ವಿಷಯ ಯಾವ ಕಂಪನಿಯದ್ದನ್ನು ತಗೊಂಡರೂ ಎದುರಾಗುವಂಥದ್ದು.

ಡೆಮೋ ತೋರಿಸಲು ಬಂದ ಹುಡುಗ ಮೊದಲು ತೋರಿಸಿದ್ದು ಮೊಬೈಲ್ ಆ್ಯಪ್. ಮದುವೆಗೆ ಹಾಸನಕ್ಕೆ ಹೋದರೂ ಅಲ್ಲೇ ಕೂತು ವ್ಯಾಪಾರ ನೋಡಬಹುದು, ಬಣ್ಣಬಣ್ಣದ ಚಾರ್ಟ್ ಬರುತ್ತದೆ ಅಂದ. ನಿಜ, ಬರುತ್ತದೆ. ನಮಗೂ ಅದು ಇಷ್ಟವಾಯಿತು. ಆದರೆ ಹೋಟೆಲ್ ನಡೆಯುವುದು ಅಡುಗೆಮನೆಯಲ್ಲಿ. ಅಲ್ಲಿಗೆ ಹೋಗುವ ಚೀಟಿ, ಅಂದರೆ ಕೆಒಟಿ, ಹೇಗೆ ಬರುತ್ತದೆ ಅಂತ ಅವತ್ತು ನಾವು ಕೇಳಲೇ ಇಲ್ಲ.

ಮೊದಲ ಎಂಟು ತಿಂಗಳು ಕೆಒಟಿ ಬಂದಿದ್ದು ಇಂಗ್ಲಿಷಿನಲ್ಲಿ. ದೋಸೆ ಕಲ್ಲಿನ ಮುಂದೆ ನಿಲ್ಲುವ ಭಟ್ಟರು ಕುಂದಾಪುರ ಕಡೆಯವರು. ಓದಿದ್ದು ಕನ್ನಡ ಶಾಲೆಯಲ್ಲಿ, ಅದೂ ಏಳನೇ ಕ್ಲಾಸಿನವರೆಗೆ. ನಮ್ಮಲ್ಲಿ ಓಪನ್ ದೋಸೆ ಇದೆ, ಆನಿಯನ್ ದೋಸೆಯೂ ಇದೆ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಓ ಅಕ್ಷರದಿಂದಲೇ ಶುರು, ಕೊನೆಗೆ ಎರಡಕ್ಕೂ ದೋಸೆ. ಒಂದು ಭಾನುವಾರ ಒಂಬತ್ತು ಗಂಟೆಯ ರಶ್. ಈರುಳ್ಳಿ ತಿನ್ನದ ಒಬ್ಬ ಹಿರಿಯರ ಟೇಬಲ್ಲಿಗೆ ಈರುಳ್ಳಿ ದೋಸೆ ಹೋಯಿತು. ಅವರು ಬೈಯಲಿಲ್ಲ, ಕೂಗಲಿಲ್ಲ. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಾಫಿ ಮಾತ್ರ ಕುಡಿದು, ದುಡ್ಡು ಕೊಟ್ಟು ಹೋದರು. ನಾನು ಬಿಲ್ಲಿನಲ್ಲಿ ದೋಸೆ ತೆಗೆಯುತ್ತೇನೆ ಅಂದರೂ ಕೇಳಲಿಲ್ಲ. ಒಳಗೆ ಹೋದೆ. ಭಟ್ಟರು ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದರು. "ಎಂತ ಅಕ್ಕಾ ಇದು, ಓದೂಕೆ ಆಗ್ತಿಲ್ಲ" ಅಂದರು. ಮೂವತ್ತು ವರ್ಷ ದೋಸೆ ಹಾಕಿದ ಕೈ ಅದು. ತಪ್ಪು ಅವರದ್ದು ಅಂತ ಹೇಗೆ ಹೇಳಲಿ?

ಕನ್ನಡದಲ್ಲಿ ಕೆಒಟಿ ಬೇಕು ಅಂತ ಅವತ್ತೇ ಕಂಪನಿಗೆ ಫೋನ್ ಮಾಡಿದೆ. ಇದು ಕೇಳಿದಷ್ಟು ಸುಲಭವಲ್ಲ ಅಂತ ಆಮೇಲೆ ಗೊತ್ತಾಯಿತು. ಸಾಮಾನ್ಯ ಥರ್ಮಲ್ ಪ್ರಿಂಟರಿನೊಳಗೆ ಇಂಗ್ಲಿಷ್ ಅಕ್ಷರಗಳು ಮೊದಲೇ ಕೂತಿರುತ್ತವೆ, ಕನ್ನಡ ಇರುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ಕನ್ನಡದ ಸಾಲನ್ನು ಚಿತ್ರದ ಹಾಗೆ ಬರೆದು ಕಳಿಸಬೇಕು, ಪ್ರಿಂಟರ್ ಅದನ್ನು ಫೋಟೋ ತರಹ ಒತ್ತಬೇಕು. ಮೊದಲ ಸಲ ಬಂದ ಚೀಟಿಯಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿ. ಉಪ್ಪಿಟ್ಟು ಹೋಗಿ "ಉಪ್‌ಪಿಟ್‌ಟು" ಆಗಿತ್ತು. "ಬೆಣ್‌ಣೆ", "ಅಕ್‌ಕಿ ರೊಟ್‌ಟಿ". ಆದರೂ ಭಟ್ಟರು ಅದನ್ನೇ ಸರಾಗವಾಗಿ ಓದಿದರು. ಇಂಗ್ಲಿಷಿಗಿಂತ ಎಷ್ಟೋ ವಾಸಿ ಅಂದರು. ಒತ್ತಕ್ಷರ ಸರಿಹೋಗಲು ಇನ್ನೂ ಮೂರು ಅಪ್‌ಡೇಟ್ ಬೇಕಾಯಿತು. 2 ಇಂಚಿನ ಹಳೆ ಪ್ರಿಂಟರಿನಲ್ಲಿ ಚಿತ್ರ ಒತ್ತುವುದು ನಿಧಾನ, ಸಾಲೂ ಇಕ್ಕಟ್ಟು. ಕೊನೆಗೆ ಅಡುಗೆಮನೆಗೆ 3 ಇಂಚಿನದ್ದನ್ನೇ ತಂದೆವು. ಈಗ ಐಟಮ್ಮಿನ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ "ಈರುಳ್ಳಿ ಬೇಡ", "ಖಾರ ಕಮ್ಮಿ", "ವಡೆ ಡಿಪ್" ಅಂತ ಕನ್ನಡದಲ್ಲೇ ಬರುತ್ತದೆ. ನಾಲ್ಕು ಮಾರು ದೂರದಿಂದಲೂ ಕಾಣುತ್ತದೆ. ತಪ್ಪು ತಟ್ಟೆ ವಾಪಸ್ ಬರುವುದು ತೀರಾ ಅಪರೂಪವಾಗಿದೆ.

ಇನ್ನೊಂದು ವಿಷಯ. ಥರ್ಮಲ್ ಪೇಪರಿಗೆ ಶಾಖ ಆಗದು. ಮೊದಲು ಚೀಟಿ ಸಿಕ್ಕಿಸುವ ಕ್ಲಿಪ್ ದೋಸೆ ಕಲ್ಲಿನ ತಲೆಯ ಮೇಲೇ ಇತ್ತು. ಐದು ನಿಮಿಷದಲ್ಲಿ ಚೀಟಿ ಅಂಚಿನಿಂದ ಕಪ್ಪಾಗುತ್ತಾ ಬಂದು ಅಕ್ಷರವೇ ಮುಚ್ಚಿಹೋಗುತ್ತಿತ್ತು. ಪೇಪರ್ ರೋಲ್ ಕಳಪೆ ಅಂತ ಅಂಗಡಿಯವರ ಜತೆ ಜಗಳವೂ ಆಯಿತು, ಪಾಪ. ಕ್ಲಿಪ್ಪನ್ನು ಮೂರಡಿ ಪಕ್ಕಕ್ಕೆ ಹೊಡೆದ ಮೇಲೆ ಆ ತೊಂದರೆ ಇಲ್ಲ.

ಈಗ ಇಂಟರ್ನೆಟ್ ವಿಷಯಕ್ಕೆ ಬರುತ್ತೇನೆ. ಕ್ಲೌಡ್ ಅಂದ ತಕ್ಷಣ ಎಲ್ಲರೂ ಕೇಳುವುದು ಇದನ್ನೇ, ನೆಟ್ ಹೋದರೆ ಏನು ಗತಿ? ಆಫ್‌ಲೈನಲ್ಲೂ ಓಡುತ್ತದೆ ಅಂತ ಎಲ್ಲ ಕಂಪನಿಯವರೂ ಹೇಳುತ್ತಾರೆ. ಆ ಮಾತಿಗೆ ಹಲವು ಅರ್ಥ ಇದೆ ಅಂತ ನಮಗೆ ತಿಳಿದಿದ್ದು 2023ರ ಶಿವರಾತ್ರಿಯಲ್ಲಿ. ಸಿದ್ಧಗಂಗೆಯ ಜಾತ್ರೆ. ಊರಿಗೆ ಜನ ಬಂದು ತುಂಬಿದ್ದರು. ಬೆಳಿಗ್ಗೆ ಎಂಟಕ್ಕೆ ಫೈಬರ್ ಲೈನ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಅದೂ ಎಳೆಯುತ್ತಿಲ್ಲ, ಅಷ್ಟು ಜನ ಒಂದೇ ಕಡೆ ಇದ್ದರೆ ಟವರ್ ತಾನೇ ಏನು ಮಾಡೀತು? ಗಲ್ಲಾದ ಮಷೀನ್ ಬಿಲ್ ಒತ್ತುತ್ತಿತ್ತು. ಕೆಒಟಿಯೂ ಒಳಗೆ ಹೋಗುತ್ತಿತ್ತು, ಯಾಕೆಂದರೆ ಪ್ರಿಂಟರುಗಳಿಗೆ ವೈರ್ ಎಳೆಸಿದ್ದೆವು, ಚೀಟಿ ಹೊರಗಿನ ಸರ್ವರ್‌ವರೆಗೆ ಹೋಗಿ ಬರಬೇಕಿರಲಿಲ್ಲ. ಆದರೆ ಹಾಲಿನಲ್ಲಿ ಸಪ್ಲೈಯರ್ ಹಿಡಿದಿದ್ದ ಟ್ಯಾಬ್ ಸುಮ್ನೆ ಆಗಿಬಿಟ್ಟಿತು. ಅದು ನನ್ನ ಮಷೀನಿನ ಜತೆ ಮಾತಾಡುವುದು ಕ್ಲೌಡ್ ಮೂಲಕ. ನೆಟ್ ಇಲ್ಲ ಅಂದರೆ ಯಾವ ಟೇಬಲ್ಲಿಗೆ ಏನು ಹೋಗಿದೆ ಅಂತ ನನಗೆ ಕಾಣುವುದೇ ಇಲ್ಲ. ಮಾವ ಎದ್ದು ಬಂದು ಹಳೆಯ ಕಾಲದ ಹಾಗೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ನಿಂತರು. ಹತ್ತೂವರೆವರೆಗೆ ಹಾಗೇ ನಡೆಯಿತು.

ಆವತ್ತಿನ ಇನ್ನೊಂದು ಎಡವಟ್ಟು ಎರಡು ವಾರ ಬಿಟ್ಟು ಕಾಣಿಸಿತು. ಗಲ್ಲಾದ ಮಷೀನ್, ಪಾರ್ಸಲ್ ಕೌಂಟರಿನ ಮಷೀನ್ ಎರಡೂ ನೆಟ್ ಇಲ್ಲದೆ ತಮ್ಮ ತಮ್ಮ ಪಾಡಿಗೆ ನಂಬರ್ ಹಾಕಿಕೊಂಡು ಹೋಗಿದ್ದವು. ಒಂದೇ ನಂಬರಿನ ಎರಡೆರಡು ಬಿಲ್! ಆಡಿಟರ್ ಹಿಡಿದರು. ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ ಸಾಲಾಗಿರಬೇಕು, ಆ ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು. ಆದರೆ ಒಂದಕ್ಕಿಂತ ಜಾಸ್ತಿ ಸರಣಿ ಇಟ್ಟುಕೊಳ್ಳಬಹುದು. ಈಗ ಪ್ರತಿ ಮಷೀನಿಗೂ ಮುಂದೆ ಬೇರೆ ಅಕ್ಷರ ಹಾಕಿಸಿದ್ದೇವೆ. ಸೆಟ್ಟಿಂಗಿನಲ್ಲಿ ಎರಡು ನಿಮಿಷದ ಕೆಲಸ ಅದು. ಹಾಕಿಕೊಡುವ ದಿನವೇ ಮಾಡಬೇಕಿತ್ತು.

ಹಾಗಾಗಿ ತಗೊಳ್ಳುವವರಿಗೆ ಒಂದು ಮಾತು. ಡೆಮೋ ದಿನ ರೂಟರ್ ಆಫ್ ಮಾಡಬೇಡಿ, ಅದಕ್ಕೆ ಹೊರಗಿನಿಂದ ಬರುವ ವೈರ್ ಮಾತ್ರ ಕಿತ್ತುಬಿಡಿ. ಆಮೇಲೆ ಟ್ಯಾಬಿನಿಂದ ಒಂದು ಮಸಾಲೆ ದೋಸೆ ಆರ್ಡರ್ ಹಾಕಿ. ಚೀಟಿ ಅಡುಗೆಮನೆಯಲ್ಲಿ ಬಂತಾ, ಗಲ್ಲಾದಲ್ಲಿ ಆ ಟೇಬಲ್ ಕಾಣುತ್ತಿದೆಯಾ, ಬಿಲ್ ನಂಬರ್ ಏನು ಬಂತು, ಇಷ್ಟು ನೋಡಿ. ಯುಪಿಎಸ್ಸನ್ನು ಮಷೀನಿಗೆ ಮಾತ್ರ ಕೊಟ್ಟರೆ ಸಾಲದು, ರೂಟರಿಗೂ ಪ್ರಿಂಟರಿಗೂ ಬೇಕು. ಕರೆಂಟ್ ಹೋದಾಗ ಚೀಟಿ ಅರ್ಧಕ್ಕೆ ನಿಂತರೆ ಆ ಆರ್ಡರ್ ಕಳೆದುಹೋದಂತೆಯೇ.

ತೆರಿಗೆ ಲೆಕ್ಕದಲ್ಲಿ ಸಾಫ್ಟ್‌ವೇರ್ ಒಟ್ಟಾರೆ ಚೆನ್ನಾಗಿದೆ. ನಮ್ಮಂಥ ಹೋಟೆಲಿಗೆ 5%, ಅದರಲ್ಲಿ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ನಮ್ಮ ಬೋರ್ಡಿನ ಮೇಲಿರುವ ದರ ತೆರಿಗೆ ಸೇರಿಸಿದ ದರ. ಅಲ್ಲಿ ಒಂದು ಪೈಸೆಯ ತಲೆನೋವು ಬಂತು. 70 ರೂಪಾಯಿ ದೋಸೆಯಲ್ಲಿ ತೆರಿಗೆ ಕಳೆದರೆ 66.67. ಅದರ ಎರಡೂವರೆ ಪರ್ಸೆಂಟ್ 1.67, ಹಾಗೆ ಎರಡು ಸಲ. ಕೂಡಿದರೆ 70.01! ಬೋರ್ಡಿನಲ್ಲಿ 70, ಬಿಲ್ಲಿನಲ್ಲಿ 70.01 ಅಂದರೆ ಗಿರಾಕಿ ಕೇಳೇ ಕೇಳುತ್ತಾರೆ, ಕೇಳಬೇಕಾದ್ದೇ. ರೌಂಡ್ ಆಫ್ ಸಾಲು ಹಾಕಿಸಿದ ಮೇಲೆ ಸರಿಹೋಯಿತು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬಿಲ್ಲಿನ ಮೇಲೆ ಇರಬೇಕು ಅನ್ನುವುದು 2022ರ ಜನವರಿಯಿಂದ ಕಡ್ಡಾಯ, ಅದನ್ನು ಅವರೇ ಹಾಕಿಕೊಟ್ಟರು.

ಎಡವಿದ್ದು ಸ್ವಿಗ್ಗಿ, ಝೊಮ್ಯಾಟೊ ಆರ್ಡರುಗಳಲ್ಲಿ. 2022ರ ಜನವರಿ 1ರಿಂದ ಅವುಗಳ ಊಟದ ತೆರಿಗೆಯನ್ನು ಕಟ್ಟುವುದು ಆ ಆ್ಯಪ್‌ಗಳೇ. ನಾವು ಮತ್ತೆ ಕಟ್ಟಬೇಕಾಗಿಲ್ಲ, ರಿಟರ್ನ್‌ನಲ್ಲಿ ಬೇರೆಯಾಗಿ ತೋರಿಸಿದರೆ ಸಾಕು. ನಮ್ಮ ಸಾಫ್ಟ್‌ವೇರಿನ ರಿಪೋರ್ಟ್ ಮಾತ್ರ ಮೊದಲ ಎರಡು ತಿಂಗಳು ಎಲ್ಲವನ್ನೂ ಒಟ್ಟಿಗೆ ಕಲಸಿ ಕೊಟ್ಟಿತ್ತು. ಆಡಿಟರ್ ನೋಡದಿದ್ದರೆ ಒಂದೇ ಊಟಕ್ಕೆ ಎರಡು ಸಲ ತೆರಿಗೆ ಹೋಗುತ್ತಿತ್ತು. ನಿಮ್ಮ ಆಡಿಟರನ್ನು ಡೆಮೋ ದಿನವೇ ಕರೆಸಿ, ಅಥವಾ ಒಂದು ತಿಂಗಳ ಮಾದರಿ ರಿಪೋರ್ಟ್ ಅವರಿಗೆ ಕಳಿಸಿ ನೋಡಿ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ಪದ್ಧತಿ) ಇರುವವರು ಗಿರಾಕಿಯಿಂದ ತೆರಿಗೆ ತಗೊಳ್ಳುವ ಹಾಗಿಲ್ಲ, ಅವರ ಬಿಲ್ಲಿನ ನಮೂನೆಯೇ ಬೇರೆ. ಅದೂ ಸೆಟ್ಟಿಂಗಿನಲ್ಲಿ ಇದೆಯಾ ಕೇಳಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ನಮ್ಮ ರಸ್ತೆಯಲ್ಲೂ ಎಲ್ಲರಿಗೂ ಗಾಬರಿ. ನಮಗೆ ನೋಟಿಸ್ ಬರಲಿಲ್ಲ. ಆದರೆ ಮಾವ ಕೇಳಿದಾಗ ನಾನು ಕೂತಲ್ಲೇ ಮೂರು ವರ್ಷದ ಲೆಕ್ಕ ತೆಗೆದು ತೋರಿಸಿದೆ. ಪ್ರತಿ ಬಿಲ್ಲಿನ ಎದುರು ನಗದಾ, ಯುಪಿಐನಾ, ಕಾರ್ಡಾ ಅಂತ ಇದೆ. ದಿನದ ಕೊನೆಗೆ ಬ್ಯಾಂಕಿಗೆ ಬಂದಿದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಹಾರ್ಡ್ ಡಿಸ್ಕ್ ಹೋದ ರಾತ್ರಿ ಊಟ ಬಿಟ್ಟಿದ್ದ ಮಾವ ಆವತ್ತು ನಿಶ್ಚಿಂತೆಯಾಗಿ ಮಲಗಿದರು. ನನಗೆ ಈ ಸಿಸ್ಟಮ್ ಕೊಟ್ಟ ದೊಡ್ಡ ಲಾಭ ಇದು.

ಬೈಟು ಕಾಫಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಹಾಕಿಕೊಡಲು ಬಂದವರು ಬೇರೆ ರಾಜ್ಯದವರು. ಬೈಟು ಅಂದರೆ ಅರ್ಧ ಕಾಫಿ ಅಂದುಕೊಂಡು ಪ್ರಮಾಣ ಅರ್ಧ, ದರವೂ ಅರ್ಧ ಹಾಕಿದ್ದರು. ಬೈಟು ಅಂದರೆ ಒಂದು ಕಾಫಿ, ಎರಡು ಲೋಟ, ದರ ಒಂದು ಕಾಫಿಯದ್ದೇ, ಅಲ್ವಾ? ಮೆನು ತುಂಬುವಾಗ ನಿಮ್ಮವರೇ ಒಬ್ಬರು ಪಕ್ಕದಲ್ಲಿ ಕೂತಿರಬೇಕು.

ಸ್ಟಾಕ್ ಲೆಕ್ಕದ ಭಾಗ ನಮಗೆ ಉಪಯೋಗಕ್ಕೆ ಬರಲಿಲ್ಲ. ಒಂದು ದೋಸೆಗೆ ಇಷ್ಟು ಗ್ರಾಂ ಹಿಟ್ಟು, ಚಟ್ನಿಗೆ ಇಷ್ಟು ತೆಂಗಿನಕಾಯಿ ಅಂತ ಎರಡು ತಿಂಗಳು ಬರೆದೆವು, ಬಿಟ್ಟೆವು. ಕ್ಯಾನ್ಸಲ್ ಆದ ಚೀಟಿಗಳ ರಿಪೋರ್ಟನ್ನು ಮಾತ್ರ ನಾನು ದಿನಾ ನೋಡುತ್ತೇನೆ. ಯಾರು ಕ್ಯಾನ್ಸಲ್ ಮಾಡಿದ್ದು ಅಂತ ಗೊತ್ತಾಗಬೇಕಲ್ಲ, ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಅದಕ್ಕೆ ಅರ್ಥ. ಇನ್ನು ಪ್ರತಿ ಬಿಲ್ಲಿಗೂ ಗಿರಾಕಿಯ ಮೊಬೈಲ್ ನಂಬರ್ ಕೇಳುವ ಪರದೆ ಬರುತ್ತದೆ, ಅದನ್ನು ತೆಗೆಸಿದ್ದೇನೆ. ಇಡ್ಲಿ ತಿನ್ನಲು ಬಂದವರ ನಂಬರ್ ನನಗೆ ಯಾಕೆ? ನಂಬರಿಗಾಗಿ ಒತ್ತಾಯ ಮಾಡಬೇಡಿ ಅಂತ 2023ರ ಮೇನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಹೇಳಿದೆ.

ಖರ್ಚು. ಮೊದಲ ವರ್ಷ ಸಾಫ್ಟ್‌ವೇರಿಗೆ 12,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 14,160. 5% ಕಟ್ಟುವ ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗುವುದಿಲ್ಲ, ಆ 2,160 ನಮ್ಮ ಜೇಬಿನದ್ದೇ. ಕಂಪನಿಯವರು ಹೇಳುವ ದರ ಯಾವಾಗಲೂ ಅದನ್ನು ಬಿಟ್ಟ ದರ. ಎರಡನೇ ವರ್ಷ ಟ್ಯಾಬಿಗೆ ಬೇರೆ, ಆನ್‌ಲೈನ್ ಆರ್ಡರ್ ಜೋಡಣೆಗೆ ಬೇರೆ ಅಂದರು. ಮೂರನೇ ವರ್ಷ 15,000 ಕೇಳಿದರು, ಮಾತಾಡಿದ ಮೇಲೆ 13,500ಕ್ಕೆ ನಿಂತರು. ಮೂರು ವರ್ಷದ ದರವನ್ನು ಮೊದಲೇ ಬರವಣಿಗೆಯಲ್ಲಿ ತಗೊಂಡಿದ್ದರೆ ಚೆನ್ನಾಗಿತ್ತು. ಸಹಾಯಕ್ಕೆ ಕನ್ನಡ ಬಲ್ಲವರು ಸಿಗುವುದು ಸಂಜೆ ಏಳರವರೆಗೆ. ನಮ್ಮ ರಾತ್ರಿ ರಶ್ ಶುರುವಾಗುವುದೇ ಏಳೂವರೆಗೆ. ಇದರ ಬಗ್ಗೆ ಎಷ್ಟು ಸಲ ಬರೆದರೂ ಬದಲಾಗಿಲ್ಲ, ನನಗೆ ಇನ್ನೂ ಬೇಸರವಿದೆ.

ಪ್ರತಿ ತಿಂಗಳ ಒಂದನೇ ತಾರೀಖು ಹಿಂದಿನ ತಿಂಗಳ ಎಲ್ಲ ಬಿಲ್ಲುಗಳನ್ನು ಎಕ್ಸೆಲ್ಲಿಗೆ ಇಳಿಸಿ ಪೆನ್ ಡ್ರೈವಿನಲ್ಲಿ ಇಡುತ್ತೇನೆ, ಆಡಿಟರಿಗೂ ಒಂದು ಪ್ರತಿ. ಚಂದಾ ನಿಲ್ಲಿಸಿದರೆ ಹಳೆಯ ಲೆಕ್ಕ ಎಷ್ಟು ದಿನ ಸಿಗುತ್ತದೆ ಅಂತ ಕಂಪನಿಯವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಅದಕ್ಕೇ ಈ ಅಭ್ಯಾಸ.

ಮುಂದಿನ ತಿಂಗಳು ನನ್ನ ಮೈದುನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಸಣ್ಣ ಅಂಗಡಿ ತೆರೆಯುತ್ತಿದ್ದಾನೆ. ಇದೇ ಸಿಸ್ಟಮ್ ತಗೊಳ್ಳುತ್ತೇವೆ. ಒಂದು ಮಷೀನ್, ಒಂದು 3 ಇಂಚಿನ ಪ್ರಿಂಟರ್, ವೈರ್ ಎಳೆದ ಕನೆಕ್ಷನ್. ಮೊನ್ನೆ ಡೀಲರ್ ಬಂದಿದ್ದರು. ಅಡ್ವಾನ್ಸ್ ಕೊಡುವ ಮೊದಲು ಭಟ್ಟರನ್ನೂ ಜತೆಗೆ ಕರೆದುಕೊಂಡು ಹೋದೆವು. ನೆಟ್ ವೈರ್ ಕಿತ್ತು ಒಂದು ಚೀಟಿ ಒತ್ತಿಸಿದೆವು. ಭಟ್ಟರು ಅದನ್ನು ಕೈಗೆ ತಗೊಂಡು, ಒಲೆ ಇಡುವ ಜಾಗದಲ್ಲಿ ನಿಂತು ಗಟ್ಟಿಯಾಗಿ ಓದಿದರು: "ತಟ್ಟೆ ಇಡ್ಲಿ ಎರಡು, ಬೆಣ್ಣೆ ಜಾಸ್ತಿ." ಆಮೇಲೆ ದುಡ್ಡು ಕೊಟ್ಟೆವು.