ಹೊಸ ಟಿವಿಯೊಳಗೆ ಅಂಗಡಿಯ ವೈಫೈ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಕರಪತ್ರ ಮಾಡುತ್ತೇನೆ, ಆದರೆ ಹೊಟ್ಟೆ ಹೊರೆಯುವುದು ಬಿಲ್ ಬುಕ್ಕು. ಬಟ್ಟೆ ಅಂಗಡಿ, ಪೈಪಿನ ಅಂಗಡಿ, ಮೊಬೈಲ್ ಅಂಗಡಿ, ಯಾರದೇ ಇರಲಿ, ಬಿಲ್ಲಿನ ಕೆಳತುದಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.' ಆರು ಪಾಯಿಂಟಿನ, ತೀರಾ ಸಣ್ಣ ಅಕ್ಷರ. ಗಿರಾಕಿ ಕೇಳದಿದ್ದರೂ ಹಳೇ ಫೈಲಿನಿಂದ ತಾನಾಗಿ ಬಂದು ಕೂರುತ್ತದೆ. ಇಪ್ಪತ್ತೆರಡು ವರ್ಷ ಅದನ್ನು ಓದದೆಯೇ ಹೊಡೆದುಕೊಟ್ಟೆ. 2025ರ ಅಕ್ಟೋಬರ್‌ನಲ್ಲಿ ಒಬ್ಬ ಫ್ಲೋರ್ ಮ್ಯಾನೇಜರ್ ಅದೇ ಸಾಲಿನ ಮೇಲೆ ಬೆರಳಿಟ್ಟು, "ಓದಿ ಸರ್, ಕ್ಲಿಯರ್ ಆಗಿ ಬರ್ದೈತಲ್ಲ" ಎಂದಾಗ ಮೊದಲ ಸಲ ನಿಂತು ಓದಿದೆ.

ಅಂಗಡಿಯ ಹೆಸರು ಹೇಳುವುದಿಲ್ಲ. ಮೂರು ಮಹಡಿ, ಗಾಜಿನ ಮುಂಭಾಗ, ಬಾಗಿಲಲ್ಲೇ ತಣ್ಣನೆ ಗಾಳಿ, ಕೂತವರಿಗೆ ಪುಟ್ಟ ಲೋಟದಲ್ಲಿ ಟೀ. ಟೀ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಯುಧಪೂಜೆಯ ಹಿಂದಿನ ದಿನ, ಪ್ರೆಸ್ಸಿನ ಮಷೀನು ತೊಳೆಸಿ, ಕುಂಬಳಕಾಯಿ ತಂದಿಟ್ಟು, ಸಂಜೆ ನಾನೂ ನನ್ನ ಹೆಂಡತಿಯೂ ಹೋದೆವು. ಕೈಯಲ್ಲಿ ಅವತ್ತಿನ ಪತ್ರಿಕೆಯ ಜಾಹೀರಾತು: 43 ಇಂಚಿನ ಟಿವಿ, 22,990 ರೂಪಾಯಿ.

ಬಾಗಿಲ ಮೇಲೆ ದೊಡ್ಡ ಬ್ಯಾನರು: 'ಜಿಎಸ್‌ಟಿ ಇಳಿಕೆ, ಶೇ 10 ನೇರ ನಿಮ್ಮ ಜೇಬಿಗೆ'. ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದದ್ದು ನಿಜ. ಆದರೆ ದಿನಾ ತೆರಿಗೆ ಬಿಲ್ ಜೋಡಿಸುವವನ ಕಣ್ಣಿಗೆ ಆ ಲೆಕ್ಕ ಚುಚ್ಚಿತು. ನೂರು ರೂಪಾಯಿಯ ಮಾಲು ತೆರಿಗೆ ಸೇರಿ ಮೊದಲು 128 ಇದ್ದದ್ದು ಈಗ 118. ಅಂದರೆ ಕೊಳ್ಳುವವನಿಗೆ ಇಳಿಯುವುದು ಹೆಚ್ಚೂಕಡಿಮೆ ಶೇ 7.8, ಹತ್ತಲ್ಲ. ಹೆಂಡತಿಗೆ ಹೇಳಿದೆ. "ಒಳಗ್ ಬರ್ರಿ ಮೊದ್ಲು" ಅಂದಳು.

22,990ರದ್ದು ಎಲ್ಲಿ ಎಂದರೆ, "ಅದು ಬೆಳಿಗ್ಗೇನೇ ಖಾಲಿ ಆತು ಸರ್." ಎಷ್ಟಿದ್ದವು? ಹುಡುಗ ನಕ್ಕ. ಆಮೇಲೆ ಟೀ ತಂದವನು ಪಾಪ ಬಾಯಿಬಿಟ್ಟ, ಒಂದೇ ಪೀಸು. ಇದಕ್ಕೂ ಸರ್ಕಾರದ ಕಡತದಲ್ಲಿ ಹೆಸರಿದೆಯೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆಮಿಷದ ಜಾಹೀರಾತು ಅನ್ನುತ್ತಾರೆ. ಹೇಳಿದ ಬೆಲೆಗೆ ಸಾಕಷ್ಟು ಮಾಲು ಕೊಡುವ ದಾರಿ ಇಲ್ಲದೆ ಹಾಗೆ ಕರೆಯಬಾರದು ಎಂದು 2022ರ ಮಾರ್ಗಸೂಚಿಯಲ್ಲೇ ಇದೆ. ಆ ಸಂಜೆ ಮಾತ್ರ ನಾವು ಎರಡನೇ ಲೋಟ ಟೀ ಕುಡಿಯುತ್ತಿದ್ದೆವು.

ನಮಗೆ ಟಿವಿ ತೋರಿಸಿದವನು ಅಂಗಡಿಯದೇ ಟೀ ಶರ್ಟ್ ಹಾಕಿದ್ದ. ಬಿಲ್ ಆದಮೇಲೆ ತಿಳಿಯಿತು, ಅವನ ಸಂಬಳ ಕೊಡುವುದು ಒಂದು ಟಿವಿ ಕಂಪನಿ. ಇಂಥ ದೊಡ್ಡ ಮಳಿಗೆಗಳಲ್ಲಿ ಇದು ಮಾಮೂಲಿ: ಆಯಾ ಕಂಪನಿಯ ಪ್ರಮೋಟರ್‌ಗಳೇ ಅಂಗಡಿಯವರ ಹಾಗೆ ನಿಂತಿರುತ್ತಾರೆ. ಬೇರೆ ಕಂಪನಿಯ ಸೆಟ್ಟಿನ ಮುಂದೆ ನಾನು ನಿಂತಾಗಲೆಲ್ಲ ಅವನು "ಅದರ ಪ್ಯಾನಲ್ ಕಂಪ್ಲೇಂಟ್ ಭಾಳ ಬರ್ತಾವು ಸರ್" ಎನ್ನುತ್ತಿದ್ದುದರ ಗುಟ್ಟು ಅದು. ಹುಡುಗನ ಮೇಲೆ ಸಿಟ್ಟಿಲ್ಲ, ಟಾರ್ಗೆಟ್ ಅವನ ಕುತ್ತಿಗೆಗೆ ಕಟ್ಟಿರುತ್ತದೆ.

ಅವನು ತೋರಿಸಿದ ಸೆಟ್ಟಿನ ಪೆಟ್ಟಿಗೆ ಮೇಲೆ ಎಂಆರ್‌ಪಿ 54,990. ಅಂಗಡಿಯ ಬೆಲೆ 31,990. 'ಶೇ 42 ರಿಯಾಯಿತಿ' ಎಂಬ ಕೆಂಪು ಚೀಟಿ. ಆ 54,990ಕ್ಕೆ ಅದನ್ನು ಯಾರೂ ಯಾವತ್ತೂ ಮಾರಿಲ್ಲ, ಕೊಂಡಿಲ್ಲ. ಬಡ್ಡಿಯಿಲ್ಲದ ಇಎಂಐ ಮಾಡಿಸಿ ಎಂದು ಇಬ್ಬರು ಹಿಂದೆ ಬಿದ್ದರು. ಒಂದೇ ಸಲ ಕೊಟ್ಟರೆ ಎಷ್ಟು ಎಂದೆ. 30,490ಕ್ಕೆ ಇಳಿಯಿತು. ಹಾಗಾದರೆ ಆ 1,500 ಏನು? ಬಡ್ಡಿ ಅಲ್ಲವೆ? ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ, ಅದು ಬೇರೆ ಹೆಸರಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿದ್ದನ್ನು ಓದಿದ್ದೆ. ಅಷ್ಟರಮಟ್ಟಿಗೆ ಜಾಣನಾದೆ, ಅಲ್ಲಿಗೆ ನನ್ನ ಜಾಣತನ ಮುಗಿಯಿತು.

ಏಕೆಂದರೆ ಮುಂದೆ ಒಂದು ಕ್ರಿಯಾಪದಕ್ಕೆ ಸೋತೆ. "ಎರಡು ವರ್ಷ ಎಕ್ಸ್‌ಟ್ರಾ ವಾರಂಟಿ ಜತಿಗೇ ಬರ್ತೈತಿ ಸರ್." ಬರ್ತೈತಿ! ತೆಂಗಿನಕಾಯಿ ಕೊಂಡರೆ ಜುಟ್ಟು ಬರುತ್ತದಲ್ಲ, ಹಾಗೆ ಬರುತ್ತದೆಂದು ತಿಳಿದೆ. ಬಿಲ್ಲಿನಲ್ಲಿ ಅದು 2,799 ರೂಪಾಯಿಯ ಪ್ರತ್ಯೇಕ ಸಾಲಾಗಿ ಬಂತು. ಅದನ್ನು ಕೊಡುವುದು ಟಿವಿ ಕಂಪನಿಯಲ್ಲ, ಅಂಗಡಿಯೂ ಅಲ್ಲ, ಮೂರನೆಯದೊಂದು. ಗೋಡೆಗೆ ಹೊಡೆಯುವ ಸ್ಟ್ಯಾಂಡು 1,199. ಪರದೆ ಒರೆಸುವ ದ್ರಾವಣ ಮತ್ತು ಬಟ್ಟೆ 349, ಅದನ್ನು ನಾನು ನೋಡಿಯೂ ಇರಲಿಲ್ಲ. ನಮ್ಮ ಹಳೇ ಟಿವಿಗೆ ಎಕ್ಸ್‌ಚೇಂಜ್ ಅಂತ 2,000 ಕಳೆದರು. ಒಟ್ಟು 32,837. ಹಿಂದೆ ಕ್ಯೂ, ಮುಂದೆ ಕಾರ್ಡ್ ಮಷೀನು, ಪಕ್ಕದಲ್ಲಿ ಹಬ್ಬದ ಗಡಿಬಿಡಿಯ ಹೆಂಡತಿ. ಬಿಲ್ ಜೋಡಿಸುವುದೇ ಕಸುಬಾದವನು ತನ್ನ ಬಿಲ್ಲನ್ನು ಓದದೆ ಪಿನ್ ಒತ್ತಿದ.

ವಿಜಯದಶಮಿಯ ಮರುದಿನ ಟಿವಿ ಬಂತು. ತಂದ ಇಬ್ಬರು ಹುಡುಗರು ಒಳ್ಳೆಯವರು, ಚಪ್ಪಲಿ ಹೊರಗೆ ಬಿಟ್ಟು ಬಂದರು, ಗೋಡೆಯ ಧೂಳನ್ನು ತಾವೇ ಗುಡಿಸಿದರು. ಪೆಟ್ಟಿಗೆಯ ಟೇಪು ಒಂದರ ಮೇಲೊಂದು ಎರಡು ಪದರ ಇತ್ತು. ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಇರಲಿಲ್ಲ. "ಈಗೆಲ್ಲ ಹಂಗೇ ಬರ್ತಾವು" ಎಂದರು. ನಾನು ಪ್ರೆಸ್ಸಿಗೆ ಹೋದೆ.

ರಾತ್ರಿ ಟಿವಿ ಹಚ್ಚಿದರೆ, ಅಂಗಡಿಯಲ್ಲಿ ಕಂಡ ಬಣ್ಣ ಮನೆಯಲ್ಲಿ ಕಾಣಲಿಲ್ಲ. ಅದು ತಪ್ಪಲ್ಲ ಬಿಡಿ, ಎಲ್ಲರಿಗೂ ಹಾಗೇ. ಅಂಗಡಿಯಲ್ಲಿ ಟಿವಿಯನ್ನು ಶೋರೂಮ್ ಮೋಡ್‌ಗೆ ಹಾಕಿ, ಬೆಳಕನ್ನು ತುದಿಗೇರಿಸಿ, ಅದಕ್ಕೆಂದೇ ಮಾಡಿದ ವಿಡಿಯೊ ಓಡಿಸುತ್ತಾರೆ. ಮನೆಯಲ್ಲಿ ಕೇಬಲ್ಲಿನ ಧಾರಾವಾಹಿ. ಆದರೆ ನಮ್ಮ ಟಿವಿ ತಾನಾಗಿಯೇ ಮತ್ತೆ ಮತ್ತೆ ಆ ಮೋಡ್‌ಗೆ ಜಿಗಿಯುತ್ತಿತ್ತು. ಅವ್ವ ಧಾರಾವಾಹಿ ನೋಡುತ್ತಿದ್ದಾಗ ಸೊಸೆಯ ಹಣೆಯ ಮೇಲೆ 'ಇದು ನಮ್ಮ ಹೊಚ್ಚಹೊಸ ತಂತ್ರಜ್ಞಾನ' ಎಂಬ ಅರ್ಥದ ಇಂಗ್ಲಿಷ್ ಪಟ್ಟಿ ಓಡಿತು. ಬಲಬದಿಗೆ ಕೂದಲೆಳೆಯಷ್ಟು ಸಣ್ಣ ನಿಂತ ಗೆರೆ, ಬಿಳಿ ಹಿನ್ನೆಲೆ ಬಂದಾಗ ಮಾತ್ರ ಕಾಣುವಂಥದ್ದು. ಕಳ್ಳನನ್ನು ಹಿಡಿದವಳು ಹೆಂಡತಿ. ನಮ್ಮ ವೈಫೈ ಸೇರಿಸಲು ಸೆಟ್ಟಿಂಗ್ಸ್ ತೆಗೆದಳು. ಮೊದಲೇ ನೆನಪಿಟ್ಟುಕೊಂಡ ಜಾಲಗಳ ಪಟ್ಟಿಯಲ್ಲಿ ಒಂದು ಹೆಸರಿತ್ತು. ಅದು ಆ ಅಂಗಡಿಯದು. ಹೆಸರಿನ ಕೊನೆಗೆ 'ಸೆಕೆಂಡ್ ಫ್ಲೋರ್' ಎಂದೂ ಇತ್ತು.

ಹೊಸ ಟಿವಿಗೆ ಅಂಗಡಿಯ ಎರಡನೇ ಮಹಡಿಯ ಪರಿಚಯ ಹೇಗಾಯಿತು? ಮೊಬೈಲ್‌ನಲ್ಲಿ ಆ ಪುಟದ ಫೋಟೊ ತೆಗೆದುಕೊಂಡೆವು. ಆ ಫೋಟೊವೇ ಮುಂದೆ ನಮ್ಮನ್ನು ಕಾಪಾಡಿತು.

ಅಂಗಡಿಗೆ ಫೋನ್ ಮಾಡಿದರೆ, ಕಂಪನಿಯ ಸರ್ವೀಸಿನಿಂದ 'ಡಿಒಎ' ಪತ್ರ ತನ್ನಿ, ಅಂದರೆ ಬರುವಾಗಲೇ ಕೆಟ್ಟಿತ್ತು ಎಂಬ ಸರ್ಟಿಫಿಕೇಟು. ಮಾರುವಾಗ ಅಂಗಡಿ ನಮ್ಮದು, ಕೆಟ್ಟಾಗ ಕಂಪನಿ ಅವರದು! ಅಕ್ಟೋಬರ್ 7ರಂದು ಟೆಕ್ನಿಷಿಯನ್ ಬಂದ. ರಿಮೋಟಿನಲ್ಲಿ ಏನೋ ನಾಲ್ಕು ಗುಂಡಿ ಒತ್ತಿ ಸರ್ವೀಸ್ ಮೆನು ತೆಗೆದ, ಅಲ್ಲಿ ಪ್ಯಾನಲ್ ಎಷ್ಟು ಗಂಟೆ ಉರಿದಿದೆ ಎಂಬುದು ಇರುತ್ತದಂತೆ. 2,140 ಗಂಟೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆದು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ದಿನಕ್ಕೆ 11 ಗಂಟೆ. ಆರು ತಿಂಗಳ ಮೇಲೆ ಗೋಡೆಗೆ ನೇತುಬಿದ್ದ ಸೆಟ್ಟು. ಬರೆದುಕೊಡಪ್ಪ ಎಂದೆ. ಡಿಸ್‌ಪ್ಲೇ ಪೀಸ್ ಅಂತ ನಾನು ಬರೆಯೋಹಂಗಿಲ್ಲ ಎಂದ. ಅದನ್ನು ಬರೆಯಬೇಡ, ಕಂಡ ಸಂಖ್ಯೆ ಬರೆ ಎಂದೆ. ಜಾಬ್ ಶೀಟಿನಲ್ಲಿ ಗೆರೆ ಇರುವುದನ್ನೂ, '2140' ಎಂಬುದನ್ನೂ ಬರೆದು ಸಹಿ ಹಾಕಿದ. ಅವನಿಗೆ ಹೆಂಡತಿ ಹಬ್ಬದ ಹೋಳಿಗೆ ಕಟ್ಟಿಕೊಟ್ಟಳು.

ಮರುದಿನ ಫ್ಲೋರ್ ಮ್ಯಾನೇಜರ್ ಎದುರು ಕೂತೆ. ಟೀ ಬರಲಿಲ್ಲ. ಅವನು ಬಿಲ್ಲಿನ ಆ ಸಾಲು ತೋರಿಸಿದ್ದು ಆಗಲೇ. ನಂತರ ದೊಡ್ಡ ಮನಸ್ಸು ಮಾಡಿದವನಂತೆ, ಟಿವಿಯ 30,490ರಲ್ಲಿ ಎಕ್ಸ್‌ಚೇಂಜಿನ 2,000 ಕಳೆದು 28,490ಕ್ಕೆ ಕ್ರೆಡಿಟ್ ನೋಟ್ ಕೊಡ್ತೀವಿ, ಆರು ತಿಂಗಳೊಳಗೆ ನಮ್ಮಲ್ಲೇ ಏನಾದರೂ ತಗೊಳ್ಳಿ ಎಂದ. ವಾರಂಟಿ ದುಡ್ಡು? ಅದು ಬೇರೆ ಕಂಪನಿ. ಹಳೇ ಟಿವಿ? ಅದು ಹೋಯ್ತು.

ನಾನು ಕ್ರೆಡಿಟ್ ನೋಟ್ ಬೇಡ ಎಂದು ಎದ್ದು ಬಂದೆ. ಧೈರ್ಯದಿಂದಲ್ಲ, ಆ ಆರು ಪಾಯಿಂಟ್ ಸಾಲು ಎದೆಯಲ್ಲಿ ಕೊರೆಯುತ್ತಿತ್ತು. ಇಷ್ಟು ವರ್ಷ ನಾನು ಹೊಡೆದುಕೊಟ್ಟದ್ದು ಕಾನೂನೋ, ಬರೀ ಬೆದರಿಕೆಯೋ? ರಾತ್ರಿ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಕೂತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದೆ. ಸೆಕ್ಷನ್ 2(47), ಅನುಚಿತ ವ್ಯಾಪಾರ ಪದ್ಧತಿ ಎಂದರೇನು ಎಂಬ ಪಟ್ಟಿ. ಹಳೆಯ, ಬಳಸಿದ, ದುರಸ್ತಿ ಮಾಡಿದ ಮಾಲನ್ನು ಹೊಸದೆಂದು ಮಾರುವುದು ಅದರಲ್ಲಿದೆ. ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದೂ ಇದೆ: ಬಿಲ್ಲಿನಲ್ಲಿ ಅವಧಿ ಹೇಳಿದ್ದರೆ ಅಷ್ಟರೊಳಗೆ, ಹೇಳದಿದ್ದರೆ 30 ದಿನದೊಳಗೆ. 'ಇಲ್ಲವೇ ಇಲ್ಲ' ಎಂಬುದು ಅವಧಿ ಹೇಗಾಗುತ್ತದೆ? ಈ ಸಾಲನ್ನು ಬಿಲ್ಲಿನಿಂದ ತೆಗೆಸಿ ಎಂದು ಕೇಂದ್ರದ ಗ್ರಾಹಕ ಇಲಾಖೆ ರಾಜ್ಯಗಳಿಗೆ 1999ರಲ್ಲೇ ಬರೆದಿತ್ತಂತೆ. ನಾನು ಪ್ರೆಸ್ಸು ಇಡುವುದಕ್ಕೂ ಮೊದಲು!

ಒಂದು ಮಾತು ನೇರವಾಗಿ ಹೇಳಬೇಕು. ಮನೆಗೆ ತಂದಮೇಲೆ ಬಣ್ಣ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಅಗ್ಗ ಸಿಕ್ಕಿತು ಎಂದು ವಾಪಸ್ ಕೊಡುವ ಹಕ್ಕು ನಮಗೆ ಇಲ್ಲ. ಅಂಗಡಿಯವನು ಒಪ್ಪಿದರೆ ಅದು ಅವನ ಸೌಜನ್ಯ. ಹಕ್ಕು ಹುಟ್ಟುವುದು ಮಾಲಿನಲ್ಲಿ ದೋಷವಿದ್ದಾಗ, ಸುಳ್ಳು ಹೇಳಿ ಮಾರಿದಾಗ. ನನ್ನದು ಎರಡೂ.

ಅಕ್ಟೋಬರ್ 9ರ ಬೆಳಿಗ್ಗೆ 1915ಕ್ಕೆ ಫೋನ್ ಮಾಡಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡ ಆರಿಸಿಕೊಂಡೆ, ಕನ್ನಡದಲ್ಲೇ ಮಾತಾಡಿದರು. ಹತ್ತು ನಿಮಿಷ ಕಾಯಬೇಕಾಯಿತು, ಅದಕ್ಕೊಂದು ಅರ್ಧ ಸ್ಟಾರು ಕಳೆಯುತ್ತೇನೆ. ದೂರಿನ ನಂಬರು ಮೆಸೇಜಿನಲ್ಲಿ ಬಂತು. ಬಿಲ್ಲು, ಜಾಬ್ ಶೀಟು, ವೈಫೈ ಫೋಟೊ ಏರಿಸಿದೆ. ಅವರು ಕೋರ್ಟಲ್ಲ, ಆದೇಶ ಕೊಡುವುದಿಲ್ಲ. ಅಂಗಡಿಗೂ ಕಂಪನಿಗೂ ದೂರು ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಜತೆಗೆ ನಾನೇ ಒಂದು ನೋಟಿಸು ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕಿದೆ: 15 ದಿನದೊಳಗೆ ಹಣ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷ ಸಮಯವಿದೆ. ನೋಟಿಸನ್ನು ಹದಿನಾಲ್ಕು ಪಾಯಿಂಟಿನಲ್ಲಿ, ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದೆ. ಅಷ್ಟು ಸೊಕ್ಕು ನನಗೂ ಇರಲಿ.

ಎಂಟು ದಿನ ಸದ್ದಿಲ್ಲ. ಆಮೇಲೆ ಅದೇ ಫ್ಲೋರ್ ಮ್ಯಾನೇಜರ್ ಫೋನು, ದನಿ ಮಾತ್ರ ಬೇರೆ. "ಗೋಡೌನಿನಾಗ ಪೆಟ್ಟಿಗಿ ಅದಲುಬದಲಾಗಿತ್ತು ಸರ್, ಟಿವಿ ದುಡ್ಡು ವಾಪಸ್ ಕೊಡ್ತೀವಿ." ಆಗಿರಲಿ. ವಾರಂಟಿ 2,799 ಕೂಡ ಕೊಡಬೇಕೆಂದು ಹಟ ಹಿಡಿದೆ. ಇಲ್ಲದ ಟಿವಿಗೆ ಎರಡು ವರ್ಷ ವಾರಂಟಿ ಇಟ್ಟುಕೊಂಡು ನಾನೇನು ಪೂಜೆ ಮಾಡಲೆ? ಒಪ್ಪಿದರು. ಹಳೇ ಟಿವಿಯ 2,000 ಮಾತ್ರ ಸಿಗಲಿಲ್ಲ. ಸಾಕಾಗಿ ಬಿಟ್ಟುಬಿಟ್ಟೆ. ಬಿಡಬಾರದಿತ್ತು ಎಂದು ಹೆಂಡತಿ ಇವತ್ತಿಗೂ ಅನ್ನುತ್ತಾಳೆ, ಅವಳು ಹೇಳುವುದು ಸರಿ.

ಸಹಿ ಮಾಡಲು ಹೋದರೆ ಮುಂದಿಟ್ಟ ಪತ್ರದಲ್ಲಿ ಹೀಗಿತ್ತು: 'ಗ್ರಾಹಕರು ಮನಸ್ಸು ಬದಲಾಯಿಸಿದ ಕಾರಣ, ಸಂಸ್ಥೆಯು ಸದ್ಭಾವನೆಯಿಂದ ಹಣ ಹಿಂದಿರುಗಿಸುತ್ತಿದೆ.' ಈ ಸಲ ಓದಿದೆ. ಜೇಬಿನಿಂದ ಪೆನ್ನು ತೆಗೆದು 'ಮನಸ್ಸು ಬದಲಾಯಿಸಿದ' ಎಂಬುದನ್ನು ಹೊಡೆದುಹಾಕಿ, ಮೇಲೆ 'ಬಳಸಿದ ಟಿವಿಯನ್ನು ಹೊಸದೆಂದು ಕೊಟ್ಟ' ಎಂದು ಬರೆದೆ. ಸಂಸ್ಥೆಯ ಸದ್ಭಾವನೆ ಇರಲಿ ಎಂದು ಬಿಟ್ಟೆ. ಅರ್ಧ ಗಂಟೆ ಮೇಲಿನವರಿಗೆ ಫೋನು, ಪಿಸುಮಾತು. ಕೊನೆಗೆ ಕಾರಣವೇ ಇಲ್ಲದ ಇನ್ನೊಂದು ಪತ್ರ ಪ್ರಿಂಟ್ ಆಗಿ ಬಂತು. ಅದಕ್ಕೆ ಸಹಿ ಹಾಕಿದೆ. ಸ್ಟ್ಯಾಂಡನ್ನೂ ಒರೆಸುವ ದ್ರಾವಣವನ್ನೂ ನಾನೇ ಇಟ್ಟುಕೊಂಡೆ. 31,289 ರೂಪಾಯಿ ಅಕ್ಟೋಬರ್ 27ಕ್ಕೆ ಖಾತೆಗೆ ಬಿತ್ತು.

ಹಾಗಾಗಿ ಆ ಅಂಗಡಿಗೆ ನನ್ನ ಸ್ಟಾರು: ಐದಕ್ಕೆ ಎರಡು. ಒಂದು ಚಪ್ಪಲಿ ಹೊರಗೆ ಬಿಟ್ಟು ಬಂದ ಆ ಇಬ್ಬರು ಹುಡುಗರಿಗೆ. ಇನ್ನೊಂದು ಕೌಂಟರಿನಲ್ಲಿದ್ದ ಹುಡುಗಿಗೆ; ನನ್ನ ಮೂಲ ಬಿಲ್ಲಿನ ಮೇಲೆ ಅವ್ವ ಟೀ ಚೆಲ್ಲಿದ್ದಕ್ಕೆ, ಕೇಳಿದ ಕೂಡಲೇ ಸೀಲು ಹಾಕಿ ಇನ್ನೊಂದು ಪ್ರತಿ ಕೊಟ್ಟಳು, ಅವಳ ಮ್ಯಾನೇಜರ್ ಬೇಡ ಎಂದು ಕಣ್ಣು ಮಾಡುತ್ತಿದ್ದರೂ.

ಟಿವಿಯನ್ನು ಆಮೇಲೆ ಮಂಡಿಪೇಟೆಯ ಒಂದು ಚಿಕ್ಕ ಅಂಗಡಿಯಲ್ಲಿ ಕೊಂಡೆವು. ಅಲ್ಲೇ ಪೆಟ್ಟಿಗೆ ಬಿಚ್ಚಿಸಿ, ಹಚ್ಚಿಸಿ, ವೈಫೈ ಪಟ್ಟಿ ಖಾಲಿ ಇದೆಯೆಂದು ಹೆಂಡತಿ ನೋಡಿದ ಮೇಲೆ ದುಡ್ಡು. 700 ರೂಪಾಯಿ ಹೆಚ್ಚಾಯಿತು. ಟೀ ಇಲ್ಲ.

ಪ್ರೆಸ್ಸಿನ ಹಳೇ ಫೈಲಿನಿಂದ ಆ ಸಾಲನ್ನು ಅಳಿಸಿದ್ದೇನೆ. ಆಮೇಲೆ ಮೂವರು ಬಿಲ್ ಬುಕ್ಕಿಗೆ ಬಂದರು. ಒಬ್ಬನಿಗೆ ಅದು ಇಲ್ಲದ್ದು ಗೊತ್ತೇ ಆಗಲಿಲ್ಲ. ಇಬ್ಬರು ಪ್ರೂಫ್ ನೋಡಿ, "ಕೆಳಗಿನ ಲೈನ್ ಬಿಟ್ಟೈತಲ್ಲಣ್ಣ, ಹಾಕು" ಎಂದರು. ಕಾನೂನು ಹೇಳಿದೆ. ಒಬ್ಬ ಸುಮ್ಮನಾದ. ಇನ್ನೊಬ್ಬ ಪ್ರೂಫನ್ನು ಮಡಚಿ ಜೇಬಿಗಿಟ್ಟುಕೊಂಡು ಎದುರಿನ ಪ್ರೆಸ್ಸಿಗೆ ಹೋದ.